ಸೊನ್ನೆ ರೂಪಾಯಿಯ ಟೆಂಡರು

ಜನಕಪುರಿ, ನವದೆಹಲಿ
೬ ಅಕ್ಟೋಬರ್ ೨೦೨೫

ಚಿ. ಹರಿಣಿಗೆ ನಿನ್ನ ತಂದೆ ಶಂಕರಪ್ಪ ಮಾಡುವ ಆಶೀರ್ವಾದಗಳು.

ವಿಷಯ: ಕನ್ನಡ ಸಂಘದ ಹತ್ತು ಕಂಪ್ಯೂಟರುಗಳ ಬಗ್ಗೆ.

ಇಲ್ಲಿ ಎಲ್ಲವೂ ಕ್ಷೇಮ, ನಿನ್ನ ಅಮ್ಮನ ಎಡ ಮೊಣಕಾಲನ್ನು ಹೊರತುಪಡಿಸಿ. ಆ ವಿಚಾರವನ್ನು ಶಾರದಾ ದಿನವೂ ಸಂಜೆ ನಿನಗೆ ಫೋನಿನಲ್ಲಿ ಹೇಳುತ್ತಾಳೆ, ನಾನು ಬಾಲ್ಕನಿಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ, ಆದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಕಳೆದ ವರ್ಷ ಏಪ್ರಿಲ್‌ನಲ್ಲಿ ನೀನು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮುನಿರ್ಕಾದಲ್ಲಿ ರೂಮು ಹಿಡಿದಾಗ, "ಇನ್ನು ಏನಿದ್ದರೂ ಬರಹದಲ್ಲಿ ತಿಳಿಸು" ಎಂದು ನಾನು ಹೇಳಿದ್ದೆ. ಆ ನಿಯಮ ನನಗೂ ಅನ್ವಯಿಸುತ್ತದೆ. ಅದಕ್ಕೇ ಈ ಪತ್ರ.

ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹತ್ತು ಕಂಪ್ಯೂಟರುಗಳಿವೆ, ನಿನಗೆ ಗೊತ್ತು. ಎಂಟು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದು. ಅವುಗಳಲ್ಲಿರುವ ವಿಂಡೋಸಿಗೆ ಈ ತಿಂಗಳು ಹದಿನಾಲ್ಕರಿಂದ ಕಂಪನಿಯ ಆಸರೆ ನಿಲ್ಲುತ್ತದಂತೆ, ಹೊಸದನ್ನು ಹಾಕಲು ಯಂತ್ರಗಳಿಗೆ ತ್ರಾಣ ಇಲ್ಲವಂತೆ. ನಿನ್ನೆಯ ಸಭೆಯಲ್ಲಿ ಅಧ್ಯಕ್ಷ ಏಕನಾಥರು, ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು, ಗೊತ್ತಲ್ಲ, ಎಲ್ಲವನ್ನೂ ಕಬಾಡಿಯ ಗುಜರಿಗೆ ಹಾಕಿ ಆ ಕೋಣೆಯಲ್ಲಿ ಟೇಬಲ್ ಟೆನಿಸ್ ಇಡೋಣ ಎಂದರು. ನಾನು ಗೌರವ ಕಾರ್ಯದರ್ಶಿ, ನಡಾವಳಿ ಬರೆಯುವುದು ಬಿಟ್ಟರೆ ಸಭೆಯಲ್ಲಿ ಬಾಯಿ ಬಿಡುವವನಲ್ಲ. ನಿನ್ನೆ ಏನಾಯಿತೋ, ಎದ್ದು ನಿಂತು, "ಜನವರಿಯ ಸರ್ವಸದಸ್ಯರ ಸಭೆವರೆಗೆ ಟೈಮ್ ಕೊಡಿ. ಇದೇ ಯಂತ್ರಗಳಲ್ಲಿ ನಮ್ಮ ಮಕ್ಕಳೇ ಪ್ರೋಗ್ರಾಂ ಬರೆದು ತೋರಿಸ್ತಾರೆ" ಎಂದುಬಿಟ್ಟೆ.

ಏಕನಾಥರು ನಕ್ಕು, "ಹೌದಪ್ಪ, ನಿಮಗೇನು ಚಿಂತೆ, ಮಗಳೇ ಕಂಪ್ಯೂಟರ್ ಆಫೀಸರ್. ಸ್ಟಡಿ ಲೀವ್ ಮುಗೀತಾ ಅವಳದು?" ಎಂದರು. ಇನ್ನೂ ಮುಗಿದಿಲ್ಲ ಎಂದೆ.

ಲಿನಕ್ಸ್ ಎಂಬುದನ್ನು ಹಾಕಿದರೆ ಹಳೆಯ ಯಂತ್ರಗಳೂ ನಡೆಯುತ್ತವೆ ಎಂದು ಪತ್ರಿಕೆಯಲ್ಲಿ ಓದಿದ್ದೇನೆ. ಅದರಲ್ಲಿ ಯಾವ ಬಗೆ ಹಾಕಬೇಕು, ಅದರೊಳಗೆ ಪ್ರೋಗ್ರಾಂ ಬರೆಯಲು ಯಾವ ಸಲಕರಣೆ ಆರಿಸಬೇಕು, ದಯವಿಟ್ಟು ತಿಳಿಸುವುದು. ಮಕ್ಕಳು ಒಂಬತ್ತರಿಂದ ಹದಿನಾಲ್ಕರವರು, ಏನೂ ಬಾರದವರು. ಕಲಿಸಬೇಕಾದ ನಾನು ಅರವತ್ತಮೂರರವನು, ನನಗೂ ಏನೂ ಬಾರದು.

ಇಂತಿ,
ಶಂಕರಪ್ಪ
ಗೌರವ ಕಾರ್ಯದರ್ಶಿ

---

ಮುನಿರ್ಕಾ
೧೩ ಅಕ್ಟೋಬರ್ ೨೦೨೫

ತೀರ್ಥರೂಪ ಅಪ್ಪನವರಿಗೆ ಹರಿಣಿಯ ನಮಸ್ಕಾರಗಳು.

ನಿಮ್ಮ ಪತ್ರ ಬರಲು ನಾಲ್ಕು ದಿನ ಹಿಡಿಯಿತು. ಜನಕಪುರಿ ವೆಸ್ಟಿನಲ್ಲಿ ಮೆಟ್ರೋ ಹತ್ತಿದರೆ ಮುನಿರ್ಕಾಕ್ಕೆ ಒಂದೇ ಗಾಡಿ, ಮಧ್ಯೆ ಬದಲಾಯಿಸುವುದೂ ಬೇಡ. ಇರಲಿ. ಹದಿನೆಂಟು ತಿಂಗಳ ಮೇಲೆ ನಿಮ್ಮ ಅಕ್ಷರ ನೋಡಿದೆ. ಕೆಳಗಿನ ಮೋಮೋ ಅಂಗಡಿಯ ಮುಂದೆಯೇ ನಿಂತು ಎರಡು ಸಲ ಓದಿದೆ, ಭಯ್ಯಾ "ದೀದಿ, ಊರಲ್ಲಿ ಎಲ್ಲ ಚೆನ್ನಾಗಿದ್ದಾರಾ" ಎಂದು ಹಿಂದಿಯಲ್ಲಿ ಕೇಳಿದ.

ಮೊದಲು ವ್ಯವಸ್ಥೆಯ ಮಾತು. ಈಗ ನಿಮ್ಮ ಯಂತ್ರಗಳಲ್ಲಿರುವುದು ಸರ್ಕಾರಿ ಕ್ವಾರ್ಟರ್ಸ್ ಇದ್ದ ಹಾಗೆ. ಮೊಳೆ ಹೊಡೆಯಲೂ ಅನುಮತಿ ಬೇಕು, ಖಾಲಿ ಮಾಡಿ ಎಂದ ದಿನ ಮಾಡಬೇಕು. ಲಿನಕ್ಸ್ ಸ್ವಂತ ಮನೆ. ಮನೆಯ ಜೊತೆ ನಕ್ಷೆಯನ್ನೂ ಕೈಗೆ ಕೊಡುತ್ತಾರೆ, ಬೇಕಾದರೆ ಗೋಡೆ ಒಡೆದು ಕಟ್ಟಿಕೊಳ್ಳಿ ಎನ್ನುತ್ತಾರೆ. ಅದರಲ್ಲಿ ಹಲವು ಬಗೆಗಳಿವೆ. ನಿಮಗೆ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಸಾಕು. ವಿಂಡೋಸ್ ಕಂಡವರಿಗೆ ಅದು ಹೆಚ್ಚು ಅಪರಿಚಿತ ಅನ್ನಿಸುವುದಿಲ್ಲ. ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸುತ್ತಿದ್ದೇನೆ. ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಒಂದು ದಿನ ನಡೆಸಿ ನೋಡಬಹುದು. ಒಪ್ಪಿಗೆಯಾದರೆ ಆಮೇಲೆ ಒಳಗೆ ಹಾಕಿ. ಅದಕ್ಕೆ ಮುಂಚೆ ಸಂಘದ ಹಳೆಯ ಫೋಟೋ, ಪತ್ರಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಇದು ಮರೆಯಬೇಡಿ.

ಇನ್ನು ಪ್ರೋಗ್ರಾಂ ಬರೆಯುವ ಸಲಕರಣೆ. ಚಿಕ್ಕವರಿಗೆ ಸ್ಕ್ರ್ಯಾಚ್ ಕೊಡಿ, ಬಣ್ಣದ ತುಂಡುಗಳನ್ನು ಜೋಡಿಸಿದರೆ ಬೆಕ್ಕು ನಡೆಯುತ್ತದೆ. ದೊಡ್ಡವರಿಗೆ ಪೈಥಾನ್ ಭಾಷೆ. ಅದನ್ನು ಬರೆಯಲು ಎರಡು ಹೆಸರು ಹೇಳುತ್ತೇನೆ: ಥಾನಿ, ಮತ್ತು ಪಾಟಿ. ಎರಡೂ ಹೊಸಬರಿಗಾಗಿಯೇ ಮಾಡಿದವು. ಬರೆಯುವ ಜಾಗ ಮೇಲೆ, ಉತ್ತರ ಬರುವ ಜಾಗ ಕೆಳಗೆ, ಓಡಿಸಲು ಒಂದು ಗುಂಡಿ, ಅಷ್ಟೇ. ಎರಡನ್ನೂ ನೋಡಿ ಯಾವುದು ಒಗ್ಗುತ್ತದೋ ಆರಿಸಿಕೊಳ್ಳಿ. ನೂರೆಂಟು ಗುಂಡಿಗಳಿರುವ, ಪರಿಣತರು ಹೊಗಳುವ ಸಲಕರಣೆಗಳ ಹತ್ತಿರ ಮಾತ್ರ ಈಗಲೇ ಹೋಗಬೇಡಿ. ಮೊದಲ ದಿನ ಮಗುವಿಗೆ ಆಗಬೇಕಾದದ್ದು ಒಂದೇ: ಐದು ನಿಮಿಷದಲ್ಲಿ "ನಾನು ಹೇಳಿದ್ದನ್ನು ಇದು ಕೇಳಿತು" ಎಂದು ಅನ್ನಿಸಬೇಕು.

ಇದಕ್ಕೆ ನನಗೆ ಫೀಸು ಬೇಡ. ಒಂದು ಷರತ್ತು ಇದೆ. ನಾನು ಸ್ಟಡಿ ಲೀವಿನಲ್ಲಿದ್ದೇನೆ ಎಂದು ನೀವು ಸಂಘದಲ್ಲಿ ಹೇಳಿಕೊಂಡು ಬರುತ್ತಿರುವುದು ಅಮ್ಮನಿಂದ ಗೊತ್ತಾಗಿತ್ತು. ಈಗ ನಿಮ್ಮ ಕೈಬರಹದಲ್ಲೇ ಓದಿದೆ. ಜನವರಿಯ ಸಭೆಯಲ್ಲಿ, ಇದೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದಾಗ ನಿಜ ಹೇಳಬೇಕು. ಹರಿಣಿ ಕೆಲಸ ಬಿಟ್ಟಿದ್ದಾಳೆ, ಎಲ್ಲರೂ ಪುಕ್ಕಟೆಯಾಗಿ ಬಳಸುವ ಸಾಫ್ಟ್‌ವೇರ್ ಬರೆಯುತ್ತಾಳೆ, ಅದೇ ಅವಳ ಕೆಲಸ ಎನ್ನಬೇಕು. ನೀವು ನನ್ನನ್ನು ಬೈದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ ಅಪ್ಪ. ಬಚ್ಚಿಟ್ಟದ್ದಕ್ಕೆ ಇದೆ.

ನಿಮ್ಮ ಮಗಳು,
ಹರಿಣಿ

---

ಜನಕಪುರಿ
೩ ನವೆಂಬರ್ ೨೦೨೫

ಚಿ. ಹರಿಣಿಗೆ ಆಶೀರ್ವಾದಗಳು.

ನಿನ್ನ ಪತ್ರದ ಮೇರೆಗೆ ಕ್ರಮ ಜರುಗಿಸಲಾಗಿದೆ.

ಗುರುಗ್ರಾಮದ ಐಟಿ ಕಂಪನಿಯಲ್ಲಿರುವ ವರುಣ್, ನಮ್ಮ ಖಜಾಂಚಿ ಗೋಪಿನಾಥರ ತಂಗಿಯ ಮಗ, ಎರಡು ಶನಿವಾರ ಬಂದಿದ್ದ. ಒಂಬತ್ತು ಯಂತ್ರಗಳಿಗೆ ಅವನು ಲಿನಕ್ಸ್ ಹಾಕುವುದನ್ನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಹತ್ತನೆಯದಕ್ಕೆ ನಾನೇ ಹಾಕಿದೆ, ಒಬ್ಬನೇ. ಅವನು ಹೊರಗೆ ಚಹಾ ಕುಡಿಯುತ್ತಿದ್ದ. ಮೂರನೇ ನಂಬರಿನ ಯಂತ್ರ ಮುಂಚೆ ಎದ್ದೇಳಲು ಏಳು ನಿಮಿಷ ಮಾಡುತ್ತಿತ್ತು, ಈಗ ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಸಿದ್ಧ. ಶಾರದಾಗೆ ತೋರಿಸಲು ಕರೆದುಕೊಂಡು ಹೋದೆ. "ಪರವಾಗಿಲ್ಲ, ಅದಕ್ಕೂ ಮೊಣಕಾಲು ಸರಿಹೋಯ್ತು" ಎಂದಳು.

ಇನ್ನು ಸಲಕರಣೆಯ ಆಯ್ಕೆ. ಸಂಘಕ್ಕೆ ಯಾವ ವಸ್ತು ತಂದರೂ ಮೂರು ದರಪಟ್ಟಿ ಬೇಕೆಂದು ಬೈಲಾದಲ್ಲಿದೆ. ವಸ್ತು ಪುಕ್ಕಟೆಯಾದರೆ ಬೇಡ ಎಂದು ಎಲ್ಲೂ ಬರೆದಿಲ್ಲ. ನೀನು ಎರಡೇ ಹೆಸರು ಕೊಟ್ಟಿದ್ದೆ, ಮೂರನೆಯದನ್ನು ವರುಣ್‌ನಿಂದ ಪಡೆದೆ. ಅವನ ಆಫೀಸಿನ ಘಟಾನುಘಟಿಗಳು ಬಳಸುವ ಎಡಿಟರ್ ಅದು. ಮೂರನ್ನೂ ಇಟ್ಟು ತುಲನಾ ಪಟ್ಟಿ ಮಾಡಿದೆ. ಮೂರರ ದರವೂ ಸೊನ್ನೆ. ಅತಿ ಕಡಿಮೆ ದರದವರಿಗೆ ಕೊಡಬೇಕೆಂದರೆ ಮೂವರೂ ಅತಿ ಕಡಿಮೆಯವರೇ. ಮೂವತ್ತೆಂಟು ವರ್ಷದ ಸರ್ಕಾರಿ ಸರ್ವಿಸಿನಲ್ಲಿ ಇಂಥ ಟೆಂಡರು ನಾನು ಕಂಡಿರಲಿಲ್ಲ.

ದರ ಸಮವಾದಾಗ ಅನುಭವ ನೋಡುವುದು ಪದ್ಧತಿ. ಕನಿಷ್ಠ ಹದಿನೈದು ವರ್ಷದ ಅನುಭವ ಎಂದು ಇಟ್ಟೆ. ವರುಣ್ ಹೇಳಿದ್ದಕ್ಕೆ ಮೂವತ್ತು ದಾಟಿದೆ. ಥಾನಿಗೆ ಅಷ್ಟಿಲ್ಲ, ಪಾಟಿಗಂತೂ ಎರಡು ವರ್ಷವೂ ತುಂಬಿಲ್ಲ, ಇನ್ನೂ ಮೀಸೆ ಬಾರದ್ದು. ಎರಡೂ ಅನರ್ಹವಾದವು. ನಿನ್ನ ಮಾತನ್ನು ಮೀರಿದೆನೆಂದು ಬೇಸರ ಬೇಡ. ಸುಲಭವಾದದ್ದರಲ್ಲಿ ಮಕ್ಕಳು ಕಲಿಯುವುದೇನಿದೆ? ಕಬ್ಬಿಣದ ಕಡಲೆ ಅಗಿದರೇ ಹಲ್ಲು ಗಟ್ಟಿ.

ಹದಿನೇಳು ಮಕ್ಕಳು ಹೆಸರು ಕೊಟ್ಟಿದ್ದಾರೆ. ಮುಂದಿನ ಭಾನುವಾರ ಆರಂಭ.

ನಿನ್ನ ಷರತ್ತು ಪರಿಶೀಲನೆಯಲ್ಲಿದೆ.

ಇಂತಿ,
ಶಂಕರಪ್ಪ

---

ಮುನಿರ್ಕಾ
೯ ನವೆಂಬರ್ ೨೦೨೫

ಅಪ್ಪನವರಿಗೆ ನಮಸ್ಕಾರ.

ಹತ್ತನೇ ಯಂತ್ರದ ವಿಚಾರವನ್ನು ಇಲ್ಲಿ ನಮ್ಮ ಆಫೀಸಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಜೊತೆಯಲ್ಲಿ ಕೆಲಸ ಮಾಡುವ ಮನೋಜ್ ಚಪ್ಪಾಳೆ ತಟ್ಟಿದ.

ಟೆಂಡರಿನ ವಿಚಾರ ಯಾರಿಗೂ ಓದಿ ಹೇಳಲಿಲ್ಲ.

ಕಬ್ಬಿಣದ ಕಡಲೆ ಅಗಿದರೆ ಹಾಲುಹಲ್ಲು ಗಟ್ಟಿಯಾಗುವುದಿಲ್ಲ ಅಪ್ಪ, ಉದುರುತ್ತದೆ. ಎಷ್ಟು ಮಕ್ಕಳು ಮೂರನೇ ಭಾನುವಾರವೂ ಬಂದರು ಎಂದು ತಿಳಿಸಿ, ಅದು ಸಾಕು.

"ಪರಿಶೀಲನೆಯಲ್ಲಿದೆ" ಎಂದರೆ ಏನರ್ಥ ಎಂದು ನಾನು ಚಿಕ್ಕವಳಿದ್ದಾಗ ನೀವೇ ಹೇಳಿಕೊಟ್ಟಿದ್ದೀರಿ. ಕಡತದ ಮೇಲೆ ಇನ್ನೊಂದು ಕಡತ ಇಡುವುದು.

ಹರಿಣಿ

---

ಜನಕಪುರಿ
೮ ಡಿಸೆಂಬರ್ ೨೦೨೫

ಚಿ. ಹರಿಣಿಗೆ ಆಶೀರ್ವಾದಗಳು.

ಇದು ಒಂದು ಲೋಪದ ವರದಿ. ಲೋಪ ನನ್ನದು.

ಮೊದಲ ಭಾನುವಾರ ಹದಿನೇಳು ಮಕ್ಕಳು. ಎರಡನೆಯದಕ್ಕೆ ಹನ್ನೊಂದು. ಮೂರನೆಯದಕ್ಕೆ ನಾಲ್ಕು. ಮೂವತ್ತು ವರ್ಷ ಅನುಭವದ ಆ ಎಡಿಟರಿನಲ್ಲಿ ಅಕ್ಷರ ಒತ್ತಿದರೆ ಅಕ್ಷರ ಮೂಡುವುದಿಲ್ಲ, ಬರೆಯುವುದಕ್ಕೂ ಮೊದಲು ಒಂದು ಗುಂಡಿ ಒತ್ತಿ ಅಪ್ಪಣೆ ತೆಗೆದುಕೊಳ್ಳಬೇಕು. ಪರಿಣತರಿಗೆ ಅದು ಕಾಮಧೇನುವೇ ಇರಬಹುದು, ವರುಣ್‌ನ ಬೆರಳು ಅದರ ಮೇಲೆ ಓಡುವುದನ್ನು ನೋಡಿದ್ದೇನೆ. ಅವನು ಬಾರದ ಆ ಮೂರನೇ ಭಾನುವಾರ ನಾನು ಒಳಗೆ ಹೋಗಿ ಹೊರಗೆ ಬರಲಾಗದೆ ಸಿಕ್ಕಿಬಿದ್ದೆ. ಏನು ಒತ್ತಿದರೂ ಮುಚ್ಚಲಿಲ್ಲ. ಹತ್ತು ವರ್ಷದ ಅಪೂರ್ವ ಎಂಬ ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು, ನನ್ನ ಪಕ್ಕ ನಿಂತು, "ತಾತಾ, ಬಾಹರ್ ಹೇಗೆ ಹೋಗೋದು?" ಎಂದಳು. ಎಲ್ಲ ಮಕ್ಕಳ ಎದುರಿಗೆ ಗೋಡೆಯ ಮೇನ್ ಸ್ವಿಚ್ ಆರಿಸಿದೆ. ಹತ್ತೂ ಯಂತ್ರ ಕಣ್ಣು ಮುಚ್ಚಿದವು. ಅವಳು, "ಇದು ಕ್ಲಾಸಾ, ಪನಿಶ್‌ಮೆಂಟಾ?" ಎಂದು ಕೇಳಿದಳು. ಉಡಾಫೆಗೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು ಅವಳಿಗೆ.

ಅವತ್ತು ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ನೀನು ಐದನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನ ಕಂಪ್ಯೂಟರಿನಲ್ಲಿ ಒಂದು ಆಮೆಯನ್ನು ನಡೆಸಿ ಗೆರೆ ಎಳೆಯುವ ಪಾಠ ಮಾಡಿದ್ದರು. ನೀನು ನಕ್ಷತ್ರ ಬಿಡಿಸಿ, ಅದನ್ನು ಕಾಗದದ ಮೇಲೆ ಇಳಿಸಿಕೊಂಡು ತಂದು ನನ್ನ ಮುಂದೆ ಹಿಡಿದಿದ್ದೆ. ನಾನು, "ಇದೆಲ್ಲ ಆಟ, ಓದೋದು ಯಾವಾಗ?" ಎಂದು ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಕೈಗೆ ಕೊಟ್ಟೆ. ಆಮೇಲೆ ನೀನು ಏನು ಬಿಡಿಸಿದೆಯೋ ನಾನು ಕಾಣೆ, ನನಗೆ ತೋರಿಸಲಿಲ್ಲ. ಇಪ್ಪತ್ತೊಂದು ವರ್ಷದ ಮೇಲೆ ಹದಿಮೂರು ಮಕ್ಕಳು ಮನೆಯಲ್ಲೇ ಉಳಿದಾಗ ಅದು ನೆನಪಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹೋಗಲಿ ಎಂದು ಪ್ರಯತ್ನಿಸುತ್ತಿದ್ದೇನೆ.

ಮರುದಿನ ತುಲನಾ ಪಟ್ಟಿಯನ್ನು ರದ್ದು ಮಾಡಿ, ಥಾನಿ, ಪಾಟಿ ಎರಡನ್ನೂ ನಾನೇ ಕೂತು ನೋಡಿದೆ. ಎರಡೂ ನೀನು ಹೇಳಿದಂತೆಯೇ ಇವೆ. ಪಾಟಿ ಕನ್ನಡದಲ್ಲೂ ಮಾತಾಡುತ್ತದೆ, ಅದಕ್ಕೇ ಅದನ್ನು ಆರಿಸಿದೆ. ನಾನು ಬೇಕೆಂದೇ ತಪ್ಪು ಬರೆದೆ. ಕೆಂಪು ಅಕ್ಷರದಲ್ಲಿ ಬೈಯುವ ಬದಲು, "ಮೂರನೇ ಸಾಲಿನಲ್ಲಿ ಆವರಣ ತೆರೆದಿದೆ, ಮುಚ್ಚಲು ಮರೆತಿರಬಹುದು, ಒಮ್ಮೆ ನೋಡಿ" ಎಂದು ಬಂತು. ಇಷ್ಟು ಮರ್ಯಾದೆಯಿಂದ ನಮ್ಮ ಇಲಾಖೆಯಲ್ಲಿ ಮನುಷ್ಯರೂ ತಪ್ಪು ತೋರಿಸಿದ್ದಿಲ್ಲ. ಇದನ್ನು ಬರೆದವರು ಯಾರೋ ಒಳ್ಳೆಯ ಮನೆಯಲ್ಲಿ ಬೆಳೆದವರು ಎಂದು ಶಾರದಾಗೆ ಹೇಳಿದೆ. ಅವಳು ಒಳಗೆ ಹೋಗಿ ಕುಕ್ಕರ್ ಇಟ್ಟಳು.

ಮನೆಮನೆಗೆ ಹೋಗಿ ಮಕ್ಕಳನ್ನು ಮತ್ತೆ ಕರೆದೆ. ನಿನ್ನೆ ಹನ್ನೆರಡು ಜನ ಬಂದರು. ಐದು ನಿಮಿಷ ಎಂದಿದ್ದೆಯಲ್ಲ, ನಾಲ್ಕೇ ನಿಮಿಷದಲ್ಲಿ ಎಲ್ಲರ ಪರದೆಯ ಮೇಲೂ ಅವರವರ ಹೆಸರು. ಆದರೆ ಒಂದು ದೋಷ ಕಂಡುಬಂತು. ಕನ್ನಡದಲ್ಲಿ ಹೆಸರು ಬರೆದರೆ, ಉತ್ತರ ಬರುವ ಜಾಗದಲ್ಲಿ ಒತ್ತಕ್ಷರ ಇದ್ದಲ್ಲೆಲ್ಲ ಒಡೆಯುತ್ತದೆ. ಒತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕದಲ್ಲಿ ಬೇರೆ ನಿಲ್ಲುತ್ತದೆ. ಅಪೂರ್ವಳ ಮುಖ ಸಣ್ಣದಾಯಿತು. "ಸಬ್ ಕಾ ನಾಮ್ ಠೀಕ್ ಹೈ, ನನ್ನದು ಮಾತ್ರ ಟೂಟ್ ಗಯಾ" ಎಂದಳು. ಇಂಗ್ಲಿಷಿನಲ್ಲಿ ಬರಿ ಎಂದರೆ ಒಪ್ಪಲಿಲ್ಲ. ಅಜ್ಜಿ ಕಲಿಸಿದ ಹಾಗೇ ಬೇಕಂತೆ.

ಎಲ್ಲರೂ ಹೋದ ಮೇಲೆ ಹತ್ತೂ ಯಂತ್ರಗಳಲ್ಲಿ ಹನ್ನೆರಡು ಹೆಸರುಗಳನ್ನೂ ಹಾಕಿ ನೋಡಿದೆ. ಯಾವ ಯಂತ್ರ, ಯಾವ ಹೆಸರು, ಎಲ್ಲಿ ಒಡೆಯಿತು, ಅಕ್ಷರದ ಗಾತ್ರ ದೊಡ್ಡದು ಮಾಡಿದರೆ ಏನಾಗುತ್ತದೆ, ಎಲ್ಲವನ್ನೂ ಗೆರೆ ಹಾಕಿ ಬರೆದಿದ್ದೇನೆ, ಪ್ರತಿ ಲಗತ್ತಿಸಿದೆ. ಇದನ್ನು ಯಾರಿಗೆ ಸಲ್ಲಿಸುವುದು? ಪುಕ್ಕಟೆ ವಸ್ತುವಿಗೆ ದೂರು ಕೌಂಟರ್ ಎಲ್ಲಿರುತ್ತದೆ?

ನಿನ್ನ ಷರತ್ತಿನ ಬಗ್ಗೆ. ನೀನು ಸರ್ಕಾರಿ ಕೆಲಸದ ಆ ಪರೀಕ್ಷೆ ಪಾಸಾದಾಗ ಇಡೀ ಬ್ಲಾಕಿಗೆ ನಾನೇ ಕೈಯಾರೆ ಪೇಡಾ ಹಂಚಿದ್ದೆ. ಅದೇ ಮನೆಗಳಿಗೆ ಹೋಗಿ ಈಗ ಬೇರೆ ಮಾತು ಹೇಳಬೇಕೆಂದರೆ ಬಾಯಿ ಬರುತ್ತಿಲ್ಲ. ಇದು ನ್ಯಾಯವಲ್ಲ, ಗೊತ್ತು. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ನಿನ್ನ ತಂದೆ,
ಶಂಕರಪ್ಪ

---

ಮುನಿರ್ಕಾ
೧೪ ಡಿಸೆಂಬರ್ ೨೦೨೫

ಪ್ರೀತಿಯ ಅಪ್ಪನಿಗೆ,

ಕೌಂಟರ್ ನಾನೇ.

ಪಾಟಿಯನ್ನು ಬರೆದವರು ನಾವು ಮೂವರು. ನಾನು, ನೋಯಿಡಾದಿಂದ ಬರುವ ಮನೋಜ್, ಮೈಸೂರಿನಿಂದ ಕೆಲಸ ಮಾಡುವ ಸಿಂಧೂರ. ತಪ್ಪು ತೋರಿಸುವ ಕನ್ನಡದ ಮಾತುಗಳೆಲ್ಲ ನನ್ನವು. ಅಮ್ಮನಿಗೆ ಗೊತ್ತಿತ್ತು, ಹೇಳಬೇಡ ಎಂದು ನಾನೇ ಮಾತು ತೆಗೆದುಕೊಂಡಿದ್ದೆ. ಅದಕ್ಕೇ ಅವಳು ಕುಕ್ಕರ್ ಇಡಲು ಹೋಗಿರಬೇಕು.

ಅಕ್ಟೋಬರಿನಲ್ಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಅದನ್ನು ನಿಮ್ಮ ಕಣ್ಣಿನಿಂದ ನೋಡಬೇಕಿತ್ತು. ಮಗಳದ್ದು ಎಂದು ಗೊತ್ತಾದರೆ ಸಿಟ್ಟಿಗೆ ಬೇಡ ಎನ್ನುತ್ತಿದ್ದಿರಿ, ಇಲ್ಲವೇ ಮಮತೆಗೆ ಬೇಕು ಎನ್ನುತ್ತಿದ್ದಿರಿ. ಎರಡೂ ನನಗೆ ಬೇಡವಾಗಿತ್ತು. ಟೆಂಡರಿನಲ್ಲಿ ಅನರ್ಹವಾದಾಗ ಮಾತ್ರ ಅತ್ತೆ, ನಿಜ ಹೇಳುತ್ತೇನೆ. ಒಳ್ಳೆಯ ಮನೆಯಲ್ಲಿ ಬೆಳೆದವರು ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ದೋಷ ನನ್ನದೇ. ಎಂಟು ತಿಂಗಳ ಹಿಂದೆಯೇ ನನ್ನ ಕಣ್ಣಿಗೆ ಬಿದ್ದಿತ್ತು. ಕೆಲವು ಯಂತ್ರಗಳಲ್ಲಿ ಮಾತ್ರ ಆಗುತ್ತದೆ, ಯಾಕೆಂದು ತಿಳಿಯಲಿಲ್ಲ. ಯಾರೂ ದೂರಲಿಲ್ಲ, ನಾನೂ ಪಕ್ಕಕ್ಕಿಟ್ಟೆ. ಕಡತದ ಮೇಲೆ ಕಡತ ಇಡುವುದನ್ನು ಹೇಳಿ ನಿಮ್ಮನ್ನು ಚುಚ್ಚಿದೆನಲ್ಲ, ಮಾಡುತ್ತಿದ್ದವಳು ನಾನು.

ನಿಮ್ಮ ತಖ್ತೆ ನೋಡಿ ಮನೋಜ್ ಕುರ್ಚಿಯಿಂದ ಎದ್ದ. "ಯೇ ಕಿಸ್‌ನೇ ಬನಾಯಾ?" ಎಂದ, ಇದನ್ನು ಮಾಡಿದ್ದು ಯಾರು ಎಂದು. ನಮಗೆ ಬರುವ ದೂರುಗಳಲ್ಲಿ "ಕೆಲಸ ಮಾಡ್ತಿಲ್ಲ" ಎಂಬ ಎರಡು ಪದಕ್ಕಿಂತ ಹೆಚ್ಚು ಇರುವುದಿಲ್ಲ ಅಪ್ಪ. ನೀವು ನೂರಿಪ್ಪತ್ತು ಸಲ ಪರೀಕ್ಷೆ ಮಾಡಿ, ಅಕ್ಷರದ ಗಾತ್ರ ಹದಿನೆಂಟು ದಾಟಿದ ಮೇಲೆ ಒಡೆಯುವುದಿಲ್ಲ ಎಂದು ಕಂಡುಹಿಡಿದಿದ್ದೀರಿ. ನಮಗೆ ಬೇಕಾಗಿದ್ದ ಎಳೆ ಅದೇ. ಎಂಟು ತಿಂಗಳು ನನ್ನ ಕೈಗೆ ಸಿಗದ್ದು ನಿಮಗೆ ಒಂದು ಸಂಜೆಯಲ್ಲಿ ಸಿಕ್ಕಿತು. ಇವರು ನಮ್ಮಪ್ಪ ಎಂದು ಮನೋಜ್‌ಗೆ ಹೇಳುವಾಗ ನನ್ನ ದನಿ ಸ್ವಲ್ಪ ಜೋರೇ ಇತ್ತು.

ಒಂದು ಕೆಲಸ ಬಾಕಿ ಇದೆ. ಇಂಥ ದೂರುಗಳನ್ನು ನಾವು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಇಡುತ್ತೇವೆ. ನನಗೆ ಬರೆದ ಪತ್ರದಿಂದ ನಾನು ಎತ್ತಿ ಹಾಕುವಂತಿಲ್ಲ, ದೂರುದಾರರೇ ತಮ್ಮ ಹೆಸರಿನಲ್ಲಿ ಹಾಕಬೇಕು. ವಿಳಾಸ ಕೆಳಗೆ ಬರೆದಿದ್ದೇನೆ. ಹಾಕಿ. ಮುಚ್ಚುಮರೆ ಇಲ್ಲದ ಕಡತ ಹೇಗಿರುತ್ತದೆ ಎಂದು ಒಮ್ಮೆ ನೋಡಿದ ಹಾಗೂ ಆಗುತ್ತದೆ.

ಷರತ್ತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಒತ್ತಾಯವನ್ನೂ ಮಾಡುವುದಿಲ್ಲ. ಸಭೆ ನಿಮ್ಮದು.

ಹರಿಣಿ

---

ಜನಕಪುರಿ
೧೯ ಜನವರಿ ೨೦೨೬

ಚಿ. ಹರಿಣಿ,

ನಿನ್ನೆ ಸಭೆ ಆಯಿತು. ನಿನ್ನ ಅಮ್ಮ ರಾತ್ರಿಯೇ ಫೋನ್ ಮಾಡಲು ಹೊರಟಿದ್ದಳು, ಇದನ್ನು ನಾನು ಹೇಳಬೇಕು ಎಂದು ತಡೆದೆ.

ನೀನು ಕೊಟ್ಟ ವಿಳಾಸದಲ್ಲಿ ನನ್ನ ಹೆಸರಿನಲ್ಲೇ ದೂರು ಹಾಕಿದ್ದೆ. ಒಂಬತ್ತನೇ ತಾರೀಖು ಹತ್ತೂ ಯಂತ್ರಗಳಿಗೆ ಪಾಟಿಯ ಹೊಸ ಆವೃತ್ತಿ ಬಂತು. ಏನು ಬದಲಾಗಿದೆ ಎಂಬ ಟಿಪ್ಪಣಿಯನ್ನು ತೆರೆದೆ. ಟಿಪ್ಪಣಿ ಓದದೆ ಯಾವ ಕಾಗದವನ್ನೂ ಮುಂದೆ ಕಳಿಸಿದವನಲ್ಲ ನಾನು. "ಒತ್ತಕ್ಷರ ಒಡೆಯುತ್ತಿದ್ದ ದೋಷ ಸರಿಪಡಿಸಲಾಗಿದೆ. ದೋಷ ತಿಳಿಸಿದವರು: ಶಂಕರಪ್ಪ, ಜನಕಪುರಿ. ಸರಿಪಡಿಸಿದವರು: ಹರಿಣಿ ಶಂಕರಪ್ಪ." ಮೂವತ್ತೆಂಟು ವರ್ಷ ನಾನು ಬರೆದ ಟಿಪ್ಪಣಿಗಳ ಮೇಲೆ ಬೇರೆಯವರ ಹೆಸರು ಹೋಗಿದೆ. ನನ್ನದು ಮೂಲೆಯಲ್ಲಿ ಎರಡಕ್ಷರದ ಸಹಿ. ಇಲ್ಲಿ ಪೂರ್ತಿ ಹೆಸರು, ಎರಡು ಸಲ, ಒಂದು ಸಲ ನಿನ್ನ ಹೆಸರಿನ ಜೊತೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದೆ.

ಸಭೆಗೆ ಎಪ್ಪತ್ತು ಜನ ಬಂದಿದ್ದರು. ಚಳಿಗೆ ಎಲ್ಲರೂ ಶಾಲು, ಟೋಪಿ ಹಾಕಿಕೊಂಡು ಆ ಕೋಣೆಯಲ್ಲಿ ಒತ್ತಿಕೊಂಡು ನಿಂತರು. ಹದಿನಾಲ್ಕು ಮಕ್ಕಳು ತಮ್ಮ ತಮ್ಮ ಪ್ರೋಗ್ರಾಂ ತೋರಿಸಿದರು. ಒಬ್ಬ ಮೆಟ್ರೋ ನಿಲ್ದಾಣಗಳ ರಸಪ್ರಶ್ನೆ ಮಾಡಿದ್ದ, ಏಕನಾಥರೇ ಎರಡಕ್ಕೆ ತಪ್ಪು ಉತ್ತರ ಕೊಟ್ಟರು. "ಇರಬಹುದು, ಇನ್ನೊಮ್ಮೆ ಯೋಚಿಸಿ" ಎಂದು ಪರದೆ ಹೇಳಿತು. ಅವರು ಇನ್ನೊಮ್ಮೆ ಯೋಚಿಸಿದರು ಕೂಡ. ಅಪೂರ್ವ ನಿಲ್ದಾಣ ಗಿಲ್ದಾಣ ಏನೂ ಮಾಡಿರಲಿಲ್ಲ. ತನ್ನ ಹೆಸರನ್ನು ಪರದೆಯ ತುಂಬ ಐವತ್ತು ಸಲ, ಬಣ್ಣಬಣ್ಣದಲ್ಲಿ, ಸರಿಯಾಗಿ ಬರೆಸಿದಳು. ಅವಳ ಅಜ್ಜಿ ಮುಂದೆ ಬಂದು ಪರದೆಯನ್ನು ಕೈಯಿಂದ ಮುಟ್ಟಿ ನೋಡಿದರು.

ಕೋಣೆ ಮಕ್ಕಳಿಗೇ ಇರಲಿ ಎಂದು ಎಲ್ಲರೂ ಕೈ ಎತ್ತಿದರು. ಟೇಬಲ್ ಟೆನಿಸ್ ಮಹಡಿಗೆ ಹೋಗಲಿ ಎಂದಾಯಿತು. ಆಮೇಲೆ ಏಕನಾಥರು ಎದ್ದು, "ಇದನ್ನೆಲ್ಲ ಮಾಡಿಕೊಟ್ಟೋರಿಗೆ ಒಂದು ವಂದನಾ ನಿರ್ಣಯ ಬೇಡ್ವಾ? ಹರಿಣಿಗೆ ಮಾಡೋಣ. ಸ್ಟಡಿ ಲೀವಲ್ಲಿದ್ರೂ ಇಷ್ಟು ಮಾಡಿದಾಳೆ, ಅವಳ ಡಿಪಾರ್ಟ್‌ಮೆಂಟ್‌ಗೂ ಒಂದು ಕಾಪಿ ಹಾಕಿ" ಎಂದರು.

ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಮೇಜು ಹಿಡಿದು ಎದ್ದೆ. ಹೀಗೆ ಹೇಳಿದೆ, ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ: "ಡಿಪಾರ್ಟ್‌ಮೆಂಟಿಗೆ ಕಾಪಿ ಬೇಡ. ನನ್ನ ಮಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಪ್ಪತ್ತೊಂದು ತಿಂಗಳಾಯ್ತು. ಸ್ಟಡಿ ಲೀವ್ ಅನ್ನೋದು ಸುಳ್ಳು. ಆ ಸುಳ್ಳು ನನ್ನದು, ಅವಳದ್ದಲ್ಲ. ಮಕ್ಕಳು ಈಗ ತೋರ್ಸಿದ್ರಲ್ಲ, ಆ ಪಾಟಿ ಬರೆದಿರೋದು ಅವಳು ಮತ್ತೆ ಅವಳ ಇಬ್ಬರು ಸ್ನೇಹಿತರು. ಅದನ್ನ ಯಾರು ಬೇಕಾದ್ರೂ ಪುಕ್ಕಟೆ ಬಳಸಬಹುದು. ಅದೇ ಅವಳ ಕೆಲಸ."

ಹಿಂದಿನ ಸಾಲಿನಿಂದ ಗೋಪಿನಾಥರು, "ಪರ್ಮನೆಂಟ್ ಕೆಲಸ ಬಿಟ್ಲಾ?" ಎಂದರು. "ಬಿಟ್ಟಳು" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬರುತ್ತದೋ ಎಂದು ಎರಡು ವರ್ಷ ಹೆದರಿದ್ದೆ. ಬಂದಾಗ ನಿನ್ನ ಪರೀಕ್ಷೆಯ ಫಲಿತಾಂಶ ಹೇಳಿದಾಗ ಬಂದ ದನಿಯಲ್ಲೇ ಬಂತು, ಅದಕ್ಕಿಂತ ಗಟ್ಟಿಯಾಗಿ. ನನಗೆ ನಾಚಿಕೆಯಾಗಲಿಲ್ಲ ಮಗಳೇ. ನನಗೆ ಹೆಮ್ಮೆಯಾಯಿತು, ಎಷ್ಟು ಹೆಮ್ಮೆಯಾಯಿತೆಂದರೆ ಕೂರುವುದನ್ನೇ ಮರೆತು ನಿಂತಿದ್ದೆ, ಶಾರದಾ ಶಾಲು ಎಳೆದು ಕೂರಿಸಿದಳು.

ಏಕನಾಥರು, "ಹಾಗಾದ್ರೆ ನಿರ್ಣಯದಲ್ಲಿ ಏನಂತ ಬರೀತೀರಿ? ಹೆಸರಿನ ಮುಂದೆ ಹುದ್ದೆ ಬೇಕಲ್ಲ" ಎಂದರು. ನಮ್ಮ ವಂದನಾ ನಿರ್ಣಯದ ನಮೂನೆ ನಿನಗೆ ಗೊತ್ತಿಲ್ಲ. ಹೆಸರು, ಹುದ್ದೆ, ಇಲಾಖೆ, ಹೀಗೆ ಮೂರು ಕಾಲಂ. ಖಾಲಿ ಬಿಡುವಂತಿಲ್ಲ. ಜೀವಮಾನವೆಲ್ಲ ಮನುಷ್ಯರನ್ನು ಹುದ್ದೆಯಿಂದಲೇ ಗುರುತಿಸಿದವನು ನಾನು, ಪೆನ್ನು ಹಿಡಿದು ಕೂತರೆ ಒಂದು ಪದ ಹೊಳೆಯಲಿಲ್ಲ. ಇಡೀ ಸಭೆ ನನ್ನ ಕೈ ನೋಡುತ್ತಿತ್ತು.

ಆಗ ಅಪೂರ್ವ, ಕಂಪ್ಯೂಟರಿನಿಂದ ಮುಖ ತಿರುಗಿಸದೆಯೇ, "ತಾತಾ, ಲಿಖೋ ನಾ, ನನ್ನ ಹೆಸರು ಸರಿ ಮಾಡಿದೋರು" ಎಂದಳು.

ಯಾರೋ ನಕ್ಕರು. ನಾನು ನಗಲಿಲ್ಲ. ಹುದ್ದೆಯ ಕಾಲಮ್ಮಿನಲ್ಲಿ ಹಾಗೇ ಬರೆದೆ: ಮಕ್ಕಳ ಹೆಸರನ್ನು ಸರಿಪಡಿಸಿದವರು. ಇಲಾಖೆಯ ಕಾಲಮ್ಮಿನಲ್ಲಿ: ಎಲ್ಲರದು. ಏಕನಾಥರು ಕನ್ನಡಕ ಏರಿಸಿ ಎರಡು ಸಲ ಓದಿದರು. ಇದು ನಮೂನೆಯಲ್ಲಿ ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಸಹಿ ಹಾಕಿ, ನನ್ನ ಕಡೆ ಪುಸ್ತಕ ತಳ್ಳಿ, "ನೀವೂ ಹಾಕಿ" ಎಂದರು.

ಕಾರ್ಯದರ್ಶಿ ಎಂದು ಸಹಿ ಹಾಕುವ ಜಾಗ ಅದು. ಮರೆತು ಬೇರೆ ಬರೆದುಬಿಟ್ಟೆ. ಹೊಡೆದುಹಾಕಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ. ಇಲ್ಲೂ ಅದನ್ನೇ ಬರೆಯುತ್ತೇನೆ.

ಶಂಕರಪ್ಪ,
ಹರಿಣಿಯ ಅಪ್ಪ